ಎಡಗಡೆ ಹೇಳಿದ ಮಾತು

"ರೀ... ಸ್ವಲ್ಪ ಇಲ್ಲಿ ನೋಡ್ತೀರಾ?"

ಉತ್ತರವಿಲ್ಲ.

"ರೀ! ನಿಮ್ಮನ್ನೇ ಕೇಳ್ತಿರೋದು!"

ಆ ಮನುಷ್ಯ ತಲೆ ಎತ್ತಲಿಲ್ಲ. ಕೈಗಾಡಿಯಿಂದ ಸೌದೆ ತೆಗೆದು ಮರದ ಗೋಡೆಗೆ ಒತ್ತಿ ಜೋಡಿಸುತ್ತಲೇ ಇದ್ದ. ಬ್ಲಾಂಕಾಳ ಮುಖಕ್ಕೆ ಪುಡಿ ಆಲಿಕಲ್ಲು ಬಡಿಯುತ್ತಿತ್ತು. ಏಪ್ರಿಲ್ ಬಂದಿದ್ದರೂ ಗುಡ್ಡದ ಮೇಲಿನ ನಮ್ಮ ಊರು ಯಾವೊರ್ಕಕ್ಕೆ ಅದು ಗೊತ್ತಿರಲಿಲ್ಲ. ಬಸ್ ನಿಲ್ದಾಣದಿಂದ ಕೆಳಗಿನ ಬೀದಿಯವರೆಗೆ ಉರುಟು ಕಲ್ಲುಗಳ ಮೇಲೆ ಎಳೆದುಕೊಂಡು ಬಂದ ಸೂಟ್‌ಕೇಸಿನ ಒಂದು ಚಕ್ರ ಎಲ್ಲೋ ಕಳಚಿ ಬಿದ್ದಿತ್ತು. ಕೈ ಮರಗಟ್ಟಿತ್ತು. ಹೊಟ್ಟೆ ಹಸಿದಿತ್ತು.

'ಎಂಥಾ ದುರಹಂಕಾರ! ಎದುರಿಗೆ ಒಬ್ಬಳು ಹೆಂಗಸು ನಿಂತಿದ್ದಾಳೆ, ತಿರುಗಿ ನೋಡೋಕೆ ಇವನಿಗೇನು ಕಷ್ಟ?'

ಇನ್ನು ಕೇಳುವುದಿಲ್ಲ ಎಂದುಕೊಂಡು ಅವಳೇ ಸೂಟ್‌ಕೇಸ್ ಎತ್ತಿ, ತೆರೆದಿದ್ದ ಬಾಗಿಲಿನೊಳಗೆ ದಡದಡನೆ ನುಗ್ಗಿದಳು.

ಧಡ್!

ಕಣ್ಣೆದುರು ನಕ್ಷತ್ರಗಳು ಕುಣಿದವು. ಇನ್ನೂರು ವರ್ಷದ ಆ ಮನೆಯ ಬಾಗಿಲ ತೊಲೆ ಅವಳ ನೆತ್ತಿಗಿಂತ ಎರಡು ಬೆರಳು ಕೆಳಗಿತ್ತು.

ಆಗ ಅವನು ತಿರುಗಿದ. ಸೌದೆ ಬಿಸುಟು ಓಡಿ ಬಂದ.

"ಅಯ್ಯೋ! ಬಗ್ಗಬೇಕಿತ್ತು ನೀವು."

"ಈಗ ಹೇಳ್ತಿದೀರಾ?" ಹಣೆ ಹಿಡಿದುಕೊಂಡೇ ಕಿರುಚಿದಳು. ಅವನ ತುಟಿಯ ಮೂಲೆ ಸ್ವಲ್ಪ ಅಲುಗಿತು. "ನಗ್ತಿದೀರಾ?"

"ಇಲ್ಲ."

"ನಗ್ತಿದೀರಿ!"

"ಎಲ್ರೂ ಒಂದ್ಸಲ ಹೊಡೆಸ್ಕೊಳ್ತಾರೆ. ಎರಡನೇ ಸಲ ಯಾರೂ ಹೊಡೆಸ್ಕೊಳ್ಳಲ್ಲ." ಅವನು ಬಗ್ಗಿ ಸೂಟ್‌ಕೇಸ್ ಎತ್ತಿಕೊಂಡ. "ನಾನು ಹಿನೆಕ್. ಈ ಮನೆ ನೋಡ್ಕೊಳ್ಳೋನು. ಇಬ್ಬರು ಅಂತ ಬರೆದಿದ್ರಲ್ಲ? ಇನ್ನೊಬ್ಬರು ಕಾರು ನಿಲ್ಲಿಸ್ತಿದಾರಾ?"

ಬ್ಲಾಂಕಾ ಚಕ್ರ ಕಳಚಿದ ಸೂಟ್‌ಕೇಸನ್ನೇ ನೋಡಿದಳು. "ನಾನೊಬ್ಬಳೇ..." ಎಂದಳು ಮೆಲ್ಲಗೆ.

"ಅವರು ಬರೋ ಹೊತ್ತಿಗೆ ಸೂಪು ಬಿಸಿ ಮಾಡಿಡ್ತೀನಿ. ತಟ್ಟೆ ಎರಡೂ ಮೇಜಿನ ಮೇಲೇ ಇದೆ."

"ನಾನೊಬ್ಬಳೇ ಬಂದಿರೋದು! ಒಬ್ಬಳೇ! ಸಾಕಾ?"

ಎದುರು ಮನೆಯ ಪುಟ್ಟ ಕಿಟಕಿ ತೆರೆಯಿತು. ಹೂವಿನ ರುಮಾಲು ಕಟ್ಟಿದ ಒಂದು ಮುದಿ ತಲೆ ಹೊರಗೆ ಬಂತು. ಹಿನೆಕ್‌ನ ಸೋದರತ್ತೆ ಬೊಹುಂಕಾ.

"ಕೇಳಿಸ್ತು ಮಗಳೇ, ಇಡೀ ಬೀದಿಗೇ ಕೇಳಿಸ್ತು! ಏ ಹಿನೆಕ್, ಒಬ್ಬಳೇ ಬಂದಿದಾಳಂತೆ, ಒಂದು ತಟ್ಟೆ ತೆಗಿಯೋ!"

ಬ್ಲಾಂಕಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಬ್ಲಾಂಕಾ ಒಸ್ತ್ರಾವಾ ನಗರದಲ್ಲಿ ಟ್ರಾಮ್ ಓಡಿಸುವವಳು. ಮೂವತ್ತೊಂದು ವಯಸ್ಸು. ಈಸ್ಟರ್ ವಾರಕ್ಕೆಂದು, ಸೋಮವಾರದವರೆಗೆ, ಈ ಮರದ ಮನೆಯನ್ನು ಕಾದಿರಿಸಿದ್ದು ಅವಳಲ್ಲ, ರಾದೊವಾನ್. ಆರು ವರ್ಷ ಜೊತೆಗಿದ್ದವನು. "ಅಲ್ಲಿ ಹೋದ ಮೇಲೆ ಒಂದು ವಿಷಯ ಕೇಳಬೇಕು ನಿನ್ನ" ಎಂದು ನಗುತ್ತಾ ಹೇಳಿದ್ದವನು, ಹೊರಡುವ ಮುಂಚಿನ ವಾರ "ನಂಗೆ ಯೋಚನೆ ಮಾಡೋಕೆ ಸ್ವಲ್ಪ ಟೈಮ್ ಬೇಕು" ಎಂದು ಫೋನಿನಲ್ಲೇ ಮುಗಿಸಿದ್ದ.

ಅವಳು ಅಳಲಿಲ್ಲ. ಹಠಕ್ಕೆ ಬಿದ್ದು ಒಬ್ಬಳೇ ಬಸ್ಸು ಹತ್ತಿದಳು. ಈಗ ನೋಡಿದರೆ ಇಲ್ಲಿ ಎಲ್ಲವೂ ಜೋಡಿ. ಎರಡು ದಿಂಬು. ಎರಡು ಲೋಟ. ಗೋಡೆಯ ಮೇಲಿನ ಚಿತ್ರದಲ್ಲೂ ಎರಡು ಪಾರಿವಾಳ!

ಅವಳು ಆ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

ಮರುದಿನದಿಂದ ಅವಳಿಗೂ ಆ ಮನೆಗೂ ಯುದ್ಧ ಶುರುವಾಯಿತು. ಒಲೆ ಹೊತ್ತಿಸಿದರೆ ಹೊಗೆಯೆಲ್ಲ ಒಳಗೆ. ಕಿಟಕಿ ತೆರೆಯಲು ಹೋದರೆ ಹಿಡಿಕೆ ಕೈಗೆ ಬಂತು. ಗೋಡೆಯ ದಿಮ್ಮಿಗಳ ನಡುವೆ ಮೆತ್ತಿ ಸುಣ್ಣ ಬಳಿದ ಜೇಡಿಮಣ್ಣು ಅವಳ ಕಪ್ಪು ಕೋಟಿಗೆ ಬಿಳಿ ಪಟ್ಟೆ ಬರೆಯಿತು. ಗೋಡೆಯ ಮರ ಆಗಾಗ ಟಪ್ ಎಂದು ಸದ್ದು ಮಾಡಿದಾಗಲೆಲ್ಲ ಅವಳು ಬೆಚ್ಚಿ ಬೀಳುತ್ತಿದ್ದಳು.

ಪ್ರತಿ ಸಲವೂ ಅವಳು ಬೀದಿ ದಾಟಿ ಹೋಗಿ ಹಿನೆಕ್‌ನೊಂದಿಗೆ ಜಗಳವಾಡುತ್ತಿದ್ದಳು. ಅವನು ತನ್ನ ಕೊಟ್ಟಿಗೆಯಲ್ಲಿ ಕೂತು ಛಾವಣಿಗೆ ಹೊದಿಸುವ ಮರದ ಹಲಗೆ ಸೀಳುತ್ತಿರುತ್ತಿದ್ದ. ನಮ್ಮ ಬೀದಿಯ ಛಾವಣಿಗಳೆಲ್ಲ ಅವನ ಕೈಯಿಂದಲೇ ಆದವು.

"ನಿಮ್ಮ ಒಲೆ ನನ್ನನ್ನ ಕೊಲ್ಲೋಕೆ ನೋಡ್ತಿದೆ!"

"ಹೊಗೆ ಕಿಂಡಿ ತೆಗೆದ್ರಾ?"

"ಯಾವ ಕಿಂಡಿ?"

"ಅದಕ್ಕೇ."

"ಅದಕ್ಕೇ ಅಂದ್ರೇನ್ರೀ ಅರ್ಥ? ಹೇಳ್ಬೇಕಲ್ವಾ ಮೊದಲೇ?"

"ಹೇಳೋಕೆ ನೀವು ಬಿಡಬೇಕಲ್ಲ," ಎಂದ ಹಿನೆಕ್. "ಒಸ್ತ್ರಾವಾದವರು ಉಸಿರು ತಗೊಳ್ಳೋದು ಯಾವಾಗ?"

ಅವಳಿಗೆ ನಗು ಬಂತು. ಆದರೆ ನಗಲಿಲ್ಲ. ಸಿಟ್ಟಿನಿಂದಲೇ ತಿರುಗಿ ಹೋಗಿ, ಅದೇ ಬಾಗಿಲಿಗೆ ಎರಡನೇ ಸಲ ಹಣೆ ಹೊಡೆಸಿಕೊಂಡಳು.

ಸಂಜೆ ತಿರುಗಾಡಿ ಬಂದಾಗ ನೋಡುತ್ತಾಳೆ... ಬಾಗಿಲಿನ ಮೇಲಿನ ತೊಲೆಗೆ ಕುರಿಯ ತುಪ್ಪಳದ ಒಂದು ತುಂಡನ್ನು ಯಾರೋ ಮೊಳೆ ಹೊಡೆದು ಸುತ್ತಿದ್ದರು. ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಮೆತ್ತಗಿತ್ತು.

'ಇವನು ಯಾಕೆ ಹೀಗೆ? ಕರೆದರೆ ತಿರುಗಲ್ಲ... ಕರೆಯದೇ ಇದ್ದಾಗ ಬಂದು ಇಂಥದ್ದು ಮಾಡಿ ಹೋಗ್ತಾನೆ...'

ಗುರುವಾರ ಬೊಹುಂಕಾ ಅತ್ತೆ ಅವಳನ್ನು ಊಟಕ್ಕೆ ಕರೆದಳು. ಕರೆದಳು ಎನ್ನುವುದಕ್ಕಿಂತ ಎಳೆದುಕೊಂಡು ಹೋದಳು ಎನ್ನಬೇಕು.

"ಒಬ್ಬಳೇ ಕೂತು ಡಬ್ಬಿಯ ಮೀನು ತಿಂತೀಯಂತೆ! ಬಾ ಇಲ್ಲಿ. ಮಾರ್ಚಿನಲ್ಲಿ ಒಲೆ ಹಿಂದೆ ಸೇರ್ಕೋ, ಏಪ್ರಿಲ್ ಬಂದ್ರೂ ಏಳಬೇಡ ಅಂತಾರೆ ನಮ್ಮಲ್ಲಿ."

ಅಣಬೆ ಹಾಕಿದ ಆಲೂಗಡ್ಡೆ ಸೂಪು, ಗಟ್ಟಿ ರೊಟ್ಟಿ, ಆಮೇಲೆ ಪ್ಲಮ್ ಹಣ್ಣಿನ ಸಾರಾಯಿ. ಎರಡನೇ ಗುಟುಕಿಗೆ ಬ್ಲಾಂಕಾಳ ನಾಲಿಗೆ ಸಡಿಲವಾಯಿತು. ಟ್ರಾಮಿನ ಕತೆ ಹೇಳಿದಳು. ಗಾಜಿನ ಹಿಂದೆ ಕೂತು ದಿನವಿಡೀ ತನ್ನಷ್ಟಕ್ಕೆ ತಾನೇ ಮಾತಾಡುವುದು, ಹಾಡುವುದು, ಬೈಯುವುದು... ಹಿಂದೆ ನೂರು ಜನ ಇದ್ದರೂ ಒಬ್ಬರಿಗೂ ಕೇಳಿಸದೇ ಇರುವುದು.

"ಮನೆಗೆ ಬಂದ್ರೂ ಅಷ್ಟೇ," ಎಂದಳು. "ರಾದೊವಾನ್ ಫೋನ್ ನೋಡ್ತಾ 'ಹ್ಞೂಂ' ಅಂತಿದ್ದ. ಒಂದಿನ 'ನಮ್ಮ ಮನೆಗೆ ಬೆಂಕಿ ಬಿದ್ದಿದೆ' ಅಂದೆ. ಅದಕ್ಕೂ 'ಹ್ಞೂಂ' ಅಂದ!"

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿನೆಕ್ ನಗಲಿಲ್ಲ. ಮೇಜಿನ ಆಚೆ ಕೂತು ಅವಳ ತುಟಿಗಳನ್ನೇ ನೋಡುತ್ತಿದ್ದ. ಒಂದು ಮಾತೂ ಬಿಟ್ಟುಹೋಗಬಾರದು ಎಂಬಂತೆ...

ಬ್ಲಾಂಕಾಳ ಕೆನ್ನೆ ಬಿಸಿಯಾಯಿತು. ಇಷ್ಟು ಗಮನ ಕೊಟ್ಟು ಅವಳ ಮಾತನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಈ 'ನೀವು' ಗೀವು ಬಿಡೋಣ್ವಾ?" ಎಂದು ಹಿನೆಕ್ ಲೋಟ ಎತ್ತಿದ.

"ಬಿಡೋಣ," ಎಂದಳು. ಲೋಟಗಳು ತಾಗಿದವು. "ಹಿನೆಕ್, ನಿನ್ನ ಒಲೆ ದರಿದ್ರದ್ದು."

"ಗೊತ್ತು ಬ್ಲಾಂಕಾ. ನೀನೂ ಅದನ್ನ ಪ್ರೀತಿಯಿಂದ ಮಾತಾಡಿಸ್ಲಿಲ್ಲ."

ಶುಕ್ರವಾರ ಇಬ್ಬರೂ ಹೊಳೆಯಂಚಿಗೆ ಹೋದರು. ಈಸ್ಟರ್ ಸೋಮವಾರದ ಹಬ್ಬಕ್ಕೆ ವಿಲೋ ಮರದ ಎಳೆಯ ಕಡ್ಡಿಗಳನ್ನು ಕೊಯ್ಯಬೇಕಿತ್ತು. ಆ ದಿನ ಗಂಡಸರು ಕಡ್ಡಿಗಳನ್ನು ಜಡೆ ಹೆಣೆದುಕೊಂಡು ಮನೆಮನೆಗೆ ಬಂದು ಹೆಣ್ಣುಮಕ್ಕಳ ಕಾಲಿಗೆ ಮೆಲ್ಲಗೆ ಹೊಡೆಯುತ್ತಾರೆ. ವರ್ಷವಿಡೀ ಆರೋಗ್ಯವಾಗಿರಲಿ ಅಂತ. ಬದಲಿಗೆ ಹೆಣ್ಣುಮಕ್ಕಳು ಬಣ್ಣ ಬರೆದ ಮೊಟ್ಟೆ ಕೊಡುತ್ತಾರೆ.

"ನನ್ನ ಕಾಲಿಗೆ ಯಾರಾದ್ರೂ ಹೊಡೆಯೋಕೆ ಬಂದ್ರೆ ನಾನು ತಿರುಗಿಸಿ ಹೊಡೀತೀನಿ," ಎಂದಳು ಬ್ಲಾಂಕಾ.

"ಅದನ್ನ ನೋಡೋಕಾದ್ರೂ ಬರ್ತೀನಿ."

ದಾರಿಯಲ್ಲಿ ಅವಳು ಯಾವ ಕಡೆ ಸರಿದರೂ ಅವನು ಸುತ್ತಿ ಬಂದು ಮತ್ತೆ ಅವಳ ಎಡಕ್ಕೇ ನಡೆಯುತ್ತಿದ್ದ.

"ಏನೋ ನಿಂದು? ಕುರಿ ಕಾಯೋ ನಾಯಿ ಥರ ಸುತ್ತು ಹಾಕ್ತೀಯಾ!"

ಹಿನೆಕ್ ನಕ್ಕು ಮುಂದೆ ನಡೆದ.

ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಎಂಟು ವರ್ಷದವನಿದ್ದಾಗ ಮಂಗನಬಾವು ಬಂದು ಹೋದ ಮೇಲೆ ಆ ಕಿವಿ ಪೂರ್ತಿ ಸತ್ತಿತ್ತು. ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದವರೆಲ್ಲ ಅವನ ಬಲಕ್ಕೆ ಬಂದು ಮಾತಾಡುತ್ತಾರೆ. ಬ್ಲಾಂಕಾಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವನೇ ಹೇಳಿರುತ್ತಾನೆ ಎಂದು ಅತ್ತೆ ಅಂದುಕೊಂಡಿದ್ದಳು. ಅವನೋ... ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಲೇ ಇದ್ದ.

ಶನಿವಾರ ಹಗಲೆಲ್ಲ ಬ್ಲಾಂಕಾ ಅತ್ತೆಯ ಜೊತೆ ಕೂತು ಮೊಟ್ಟೆಗಳಿಗೆ ಬಣ್ಣ ಬರೆದಳು. ಮೂರು ಒಡೆದವು. ನಾಲ್ಕನೆಯದರ ಮೇಲೆ ಬರೆದ ಹೂವು ಜೇಡದ ಹಾಗೆ ಕಾಣಿಸಿತು.

"ಪರವಾಗಿಲ್ಲ ಬಿಡು," ಎಂದಳು ಅತ್ತೆ. "ಅವನು ಜೇಡಕ್ಕೂ ಹೆದರಲ್ಲ."

"ಯಾರು?"

"ಯಾರಿಗೆ ಬರೀತಿದೀಯೋ ಅವನು!"

ಸಂಜೆ ಅತ್ತೆ ಚರ್ಚಿಗೆ ಹೋದಳು. ಹಿನೆಕ್ ಒಂದು ಕಂತೆ ಸೌದೆ ತಂದು ಬ್ಲಾಂಕಾಳ ಒಲೆಗೆ ತುಂಬಿ, ಪಕ್ಕದ ಬೆಂಚಿನ ಮೇಲೆ ಗೋಡೆಗೆ ಬಲಭುಜ ಒರಗಿಸಿ ಕೂತ. ಬೆಂಚು ಗಿಡ್ಡ. ಉಳಿದ ಜಾಗ ಒಂದೇ ಕಡೆ, ಅವನ ಎಡಕ್ಕೆ. ಅವಳು ಅಲ್ಲೇ ಕೂತಳು.

ಇಬ್ಬರೂ ಒಲೆಯನ್ನೇ ನೋಡುತ್ತಿದ್ದರು. ಬೆಂಕಿ ಹಿಡಿಯುತ್ತಿರಲಿಲ್ಲ. ಸೌದೆ ಸುಯ್ಯೆಂದು ನೀರು ಕಾರುತ್ತಿತ್ತು.

ಬ್ಲಾಂಕಾ ಬೆರಳಿಗಂಟಿದ ಮೊಟ್ಟೆಯ ಬಣ್ಣವನ್ನು ಉಜ್ಜತೊಡಗಿದಳು. 'ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳೋಕಾಗಲ್ಲ...'

ಅವನ ಮುಖ ನೋಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ತನ್ನ ಬೆರಳುಗಳನ್ನು ನೋಡುತ್ತಾ, ಉಸಿರಿನಷ್ಟೇ ಮೆಲ್ಲಗೆ ಹೇಳಿದಳು:

"ಹಿನೆಕ್... ಸೋಮವಾರ ಹೋಗಬೇಡ ಅಂತ ನೀನು ಒಂದೇ ಒಂದು ಮಾತು ಹೇಳಿದ್ರೆ... ನಾನು ಹೋಗೋದಿಲ್ಲ."

ಅವಳು ಬದುಕಿನಲ್ಲಿ ಆಡಿದ ಅತ್ಯಂತ ಕಷ್ಟದ ಮಾತು ಅದು. ಆ ಮಾತು ನೇರ ಹೋಗಿ ಸತ್ತ ಕಿವಿಗೆ ಬಿತ್ತು.

ಗೋಡೆಗೆ ತಾಗಿ ಹೊರಳಿ ಬಂದ ಚೂರುಪಾರಿನಲ್ಲಿ ಅವನ ಬಲಗಿವಿಗೆ ಕೇಳಿಸಿದ್ದು ಇಷ್ಟೇ: "ಸೋಮವಾರ ಹೋಗ..." ಮತ್ತೆ "ನಾನು ಹೋಗೋ..."

'ಸೋಮವಾರ ಹೋಗ್ತೀನಿ ಅಂತಿದ್ದಾಳೆ,' ಎಂದುಕೊಂಡ ಹಿನೆಕ್. ಹೋಗುತ್ತೇನೆ ಎನ್ನುವವಳಿಗೆ ಏನು ಹೇಳಬೇಕು? ಮುಖದಲ್ಲಿ ಏನೂ ತೋರಿಸದೆ ಒಲೆಯತ್ತ ಬಗ್ಗಿದ.

"ಸೌದೆ ಹಸಿ ಇದೆ," ಎಂದ. "ಹೊತ್ಕೊಳ್ಳೋಕೆ ಸ್ವಲ್ಪ ಹೊತ್ತಾಗುತ್ತೆ."

ಬ್ಲಾಂಕಾ ಕಲ್ಲಾದಳು.

ಸೌದೆ ಹಸಿ ಇದೆ...? ಹೃದಯ ಬಿಚ್ಚಿ ಕೈಯಲ್ಲಿಟ್ಟರೆ... ಸೌದೆ ಹಸಿ ಇದೆಯಾ?!

ರಾದೊವಾನ್‌ನ 'ಹ್ಞೂಂ' ಇದಕ್ಕಿಂತ ವಾಸಿ ಎನಿಸಿತು ಅವಳಿಗೆ.

ಭಾನುವಾರ ಬೆಳಗಿನಿಂದ ಅವಳು ಕಾದಳು. ಬಹುಶಃ ನಾಚಿಕೊಂಡಿರಬಹುದು... ಇವತ್ತು ಹೇಳಬಹುದು...

ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಅತ್ತೆ ಮಾಡಿದ ಕುರಿಮರಿಯಾಕಾರದ ಕೇಕು. ಅವಳು ಉಸಿರು ಬಿಗಿಹಿಡಿದು ನಿಂತಳು.

"ನಾಳೆ ಹಬ್ಬ," ಎಂದ ಅವನು ನೆಲ ನೋಡುತ್ತಾ. "ಬಸ್ಸು ಕಡಿಮೆ. ಬೆಳಿಗ್ಗೆ ಹತ್ತೂವರೆಗೆ ಒಂದಿದೆ. ಅದು ತಪ್ಪಿದ್ರೆ ಮಧ್ಯಾಹ್ನದ ಮೇಲೇನೇ. ನಿಂಗೆ ಗೊತ್ತಿರ್ಲಿ ಅಂತ..."

'ಓಡಿಸ್ತಿದ್ದಾನೆ!' ಬ್ಲಾಂಕಾಳ ಮೈಯೆಲ್ಲ ಉರಿಯಿತು. 'ಬಸ್ಸಿನ ವೇಳೆ ಸಮೇತ ಹೇಳಿ ಓಡಿಸ್ತಿದ್ದಾನೆ!'

"ತುಂಬಾ ಉಪಕಾರ ಆಯ್ತು!" ಎಂದು ಕೇಕು ಕಿತ್ತುಕೊಂಡು ಬಾಗಿಲು ಮುಚ್ಚಿದಳು. ಆ ಬಾಗಿಲನ್ನು ದಢಾರನೆ ಹಾಕಲೂ ಆಗದು. ಹಳೆಯ ಮರ ಉಬ್ಬಿ ಅರ್ಧಕ್ಕೇ ಸಿಕ್ಕಿಕೊಂಡಿತು. ಭುಜ ಕೊಟ್ಟು ತಳ್ಳಿ ತಳ್ಳಿ ಮುಚ್ಚಬೇಕಾಯಿತು. ಸಿಟ್ಟು ಮಾಡಿಕೊಳ್ಳಲು ಕೂಡ ಈ ಮನೆಯಲ್ಲಿ ಅನುಕೂಲವಿಲ್ಲ!

ಫೋನು ಗುನುಗಿತು. ರಾದೊವಾನ್. ಶುಕ್ರವಾರದಿಂದಲೂ ಕರೆ ಮಾಡುತ್ತಿದ್ದ. ಅವಳು ಈವರೆಗೆ ಎತ್ತಿರಲಿಲ್ಲ.

ಎತ್ತಿದಳು.

"ಬ್ಲಾಂಕಾ, ನಾನು ತಪ್ಪು ಮಾಡ್ದೆ. ನಾನು..."

"ನಾಳೆ ಬೆಳಿಗ್ಗೆ ಬಂದು ಕರ್ಕೊಂಡು ಹೋಗು," ಎಂದಳು. ದಿಂಬಿಗೆ ಮುಖ ಒತ್ತಿ ಅತ್ತಳು. ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಬೀದಿಯೆಲ್ಲ ನಗು, ಕೂಗಾಟ. ಗಂಡಸರ ಗುಂಪುಗಳು ಜಡೆ ಹೆಣೆದ ಕಡ್ಡಿ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದವು. ಹಿನೆಕ್ ಎರಡು ದಿನದ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಾನೇ ಹೆಣೆದ ಕಡ್ಡಿ ಹಿಡಿದು ಮನೆಯಿಂದ ಹೊರಬಿದ್ದ. ಹೋಗುವವಳು ಹೋಗಲಿ. ಒಂದು ಸಲ ಅವಳ ಬಾಗಿಲಿಗೆ ಹೋಗಿ, ಒಂದು ಮಾತು ಹೇಳಿಯೇ ಬಿಡಬೇಕೆಂದು ನಿರ್ಧಾರ ಮಾಡಿದ್ದ.

ಬೀದಿಯ ಅರ್ಧಕ್ಕೆ ಬಂದವನು ನಿಂತುಬಿಟ್ಟ.

ಅವಳ ಬಾಗಿಲೆದುರು ಬೂದು ಬಣ್ಣದ ಕಾರು. ಒಬ್ಬ ಎತ್ತರದ ಗಂಡಸು ಅಂಗಡಿಯಲ್ಲಿ ಕೊಂಡ ಕಡ್ಡಿಯಿಂದ ಬ್ಲಾಂಕಾಳ ಕಾಲಿಗೆ ತಟ್ಟಿ "ಹಬ್ಬ! ಹಬ್ಬ!" ಎಂದು ನಗುತ್ತಿದ್ದ. ಅವಳು ತಿರುಗಿಸಿ ಹೊಡೆಯಲಿಲ್ಲ. ಸುಮ್ಮನೆ ನಿಂತಿದ್ದಳು.

ಹಿನೆಕ್ ಕಡ್ಡಿಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಹಿನೆಕ್..." ಎಂದಳು ಬ್ಲಾಂಕಾ. 'ಏನಾದರೂ ಹೇಳು! ಒಂದು ಮಾತು! ಬೇಕಾದರೆ ಜಗಳ ಆಡು!'

"ಹೋಗಿ ಬನ್ನಿ," ಎಂದ ಅವನು. "ರಸ್ತೆ ಜಾರುತ್ತೆ. ನಿಧಾನ ಹೋಗೋಕೆ ಹೇಳಿ ಅವರಿಗೆ."

ಹೋಗಿ ಬನ್ನಿ!

ಆ 'ನೀವು' ಚಾಕುವಿನಂತೆ ಇರಿಯಿತು. ಜೇಡದ ಹೂವಿನ ಮೊಟ್ಟೆ ಕೋಟಿನ ಜೇಬಿನಲ್ಲಿತ್ತು. ಬಿಗಿದ ಮುಷ್ಟಿಯಲ್ಲಿ ಅದು ಒಡೆದುಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಕಾರು ಊರಿನ ಗುಡ್ಡ ಇಳಿಯುತ್ತಿತ್ತು. ರಾದೊವಾನ್ ಒಂದೇ ಸಮನೆ ಮಾತಾಡುತ್ತಿದ್ದ. ಹೊಸ ಫ್ಲ್ಯಾಟು, ಬೇಸಿಗೆಗೆ ಸಮುದ್ರ, ಅವನ ಅಮ್ಮನ ಮಂಡಿನೋವು. ಬ್ಲಾಂಕಾ ಕಿಟಕಿಯಾಚೆ ನೋಡುತ್ತಾ "ಹ್ಞೂಂ" ಎನ್ನುತ್ತಿದ್ದಳು. ತನ್ನ ಬಾಯಿಂದಲೇ ಆ ಶಬ್ದ ಕೇಳಿ ಅವಳಿಗೆ ಗಾಬರಿಯಾಯಿತು.

"ಎಂಥಾ ಊರಪ್ಪಾ! ನೀನು ಸೂಟ್‌ಕೇಸ್ ತರೋಕೆ ಒಳಗೆ ಹೋದಾಗ ಆ ಬಿಳಿ ಅಂಗಿಯವನು ಅಲ್ಲೇ ನಿಂತಿದ್ದ. ಅವನ ಪಕ್ಕದಲ್ಲೇ ನಿಂತು ಮೂರು ಸಲ ಕೇಳ್ದೆ, ಒಸ್ತ್ರಾವಾಗೆ ಹತ್ತಿರದ ದಾರಿ ಯಾವುದು ಅಂತ. ತಿರುಗಿ ಕೂಡ ನೋಡ್ಲಿಲ್ಲ. ಆಮೇಲೆ ಆ ಮುದುಕಿ ಕಿಟಕಿಯಿಂದ ಕಿರುಚ್ತಾಳೆ, 'ಆ ಕಡೆಯಿಂದ ಅಲ್ಲಪ್ಪಾ, ಆ ಕಿವಿ ಸತ್ತು ಇಪ್ಪತ್ತೇಳು ವರ್ಷ ಆಯ್ತು' ಅಂತ!" ರಾದೊವಾನ್ ಸ್ಟಿಯರಿಂಗ್ ಬಡಿದು ನಕ್ಕ.

ಬ್ಲಾಂಕಾ ನಿಧಾನವಾಗಿ ತಿರುಗಿದಳು.

"ಯಾವ ಕಿವಿ?"

"ಹಾಂ?"

"ಯಾವ ಕಿವಿ ರಾದೊವಾನ್?"

"ನಂಗೇನು ಗೊತ್ತು? ಎಡಗಡೆದು ಇರ್ಬೇಕು. ಯಾಕೆ?"

ಎಡಗಡೆ... ಬೆಂಚು. ಗೋಡೆಗೆ ಒರಗಿದ ಬಲಭುಜ. ಸುತ್ತಿ ಸುತ್ತಿ ಬಂದು ಅವಳ ಎಡಕ್ಕೇ ನಡೆದವನು... ಮೇಜಿನಾಚೆ ಕೂತು ತುಟಿಯನ್ನೇ ನೋಡುತ್ತಿದ್ದವನು...

'ಅವನಿಗೆ ಕೇಳಿಸಲೇ ಇಲ್ಲ! ದೇವರೇ, ಅವನಿಗೆ ಕೇಳಿಸಲೇ ಇಲ್ಲ!'

"ಕಾರು ನಿಲ್ಸು."

"ಇಲ್ಲಿ ನಿಲ್ಲಿಸೋಕಾಗಲ್ಲ, ತಿರುವು..."

"ನಿಲ್ಸು ಅಂದೆ!"

ಕಾರು ಕೆರೆಯ ಪಕ್ಕ ಜಾರಿ ನಿಂತಿತು. ಅವಳು ಇಳಿದಳು. ರಾದೊವಾನ್‌ನ ಮುಖದಲ್ಲಿ ನಗು ಆರಿತ್ತು.

"ನಾನು ಬೆಳಗಾಗೋ ಮುಂಚೆ ಎದ್ದು ಬಂದಿದೀನಿ ಬ್ಲಾಂಕಾ. ಕ್ಷಮೆ ಕೇಳಿದೀನಿ. ಇನ್ನೇನು ಮಾಡ್ಬೇಕು ನಾನು?"

ಪಾಪ ಎನಿಸಿತು ಅವಳಿಗೆ. ಅವನು ಕೆಟ್ಟವನಲ್ಲ.

"ಏನೂ ಮಾಡ್ಬೇಡ. ನಿನ್ನನ್ನ ಕರೆದಿದ್ದು ನಂದೇ ತಪ್ಪು. ಇನ್ನೊಬ್ಬನ ಮೇಲಿನ ಸಿಟ್ಟಿಗೆ ಕರೆದೆ. ಕ್ಷಮಿಸು."

"ಆ ಕಿವುಡನಿಗೋಸ್ಕರನಾ?"

"ಅವನು ನನ್ನ ಮಾತು ಕೇಳ್ತಾನೆ ರಾದೊವಾನ್," ಎಂದಳು. "ಕೇಳಿಸಿದಾಗಲೆಲ್ಲ ಕೇಳ್ತಾನೆ."

ಕಾರು ಹೊರಟುಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಬ್ಲಾಂಕಾಳಿಗೆ ನೆನಪಾಯಿತು... ಸೂಟ್‌ಕೇಸ್ ಡಿಕ್ಕಿಯಲ್ಲೇ ಇದೆ!

"ಥೂ!" ಎಂದು ರಸ್ತೆಗೆ ಒದ್ದಳು. ನಗರದ ತೆಳು ಬೂಟಿನೊಳಗೆ ಹಿಮದ ನೀರು ನುಗ್ಗಿತು. ಮೇಲಿನಿಂದ ಮತ್ತೆ ಆಲಿಕಲ್ಲು. ಗುಡ್ಡವೋ ಮುಗಿಯುತ್ತಲೇ ಇಲ್ಲ. ಅಳು, ನಗು, ಏದುಸಿರು ಎಲ್ಲ ಒಟ್ಟಿಗೆ ಬರುತ್ತಿದ್ದವು. ಎರಡು ಸಲ ಜಾರಿ ಬಿದ್ದಳು. ಎದುರಿಗೆ ಸಿಕ್ಕ ಹಬ್ಬದ ಗುಂಪೊಂದು ಕಡ್ಡಿ ಎತ್ತಿಕೊಂಡು ಹತ್ತಿರ ಬಂದು, ಅವಳ ಮುಖ ನೋಡಿ, ತೆಪ್ಪಗೆ ದಾರಿ ಬಿಟ್ಟಿತು.

ಕೆಳಗಿನ ಬೀದಿಗೆ ಬಂದಾಗ ಸುತ್ತಿಗೆಯ ಸದ್ದು. ಹಿನೆಕ್ ಅತ್ತೆಯ ಮನೆಯ ಛಾವಣಿಯ ಮೇಲೆ ಕೂತು ಮರದ ಹಲಗೆಗೆ ಮೊಳೆ ಹೊಡೆಯುತ್ತಿದ್ದ. ಬಿಳಿ ಅಂಗಿಯ ಮೇಲೆ ಕೆಲಸದ ಏಪ್ರನ್ನು. ಕೆಳಗೆ ಅತ್ತೆ ಸೊಂಟಕ್ಕೆ ಕೈಯಿಟ್ಟು ಬೈಯುತ್ತಿದ್ದಳು.

"ಹಬ್ಬದ ದಿನ ಸುತ್ತಿಗೆ ಹಿಡೀತಾನೆ! ಛಾವಣಿ ಸೋರ್ತಿಲ್ಲ, ನಿನ್ನ ತಲೆ ಸೋರ್ತಿದೆ!"

"ಹಿನೆಕ್!" ಎಂದು ಕೂಗಿದಳು ಬ್ಲಾಂಕಾ.

ಟಕ್. ಟಕ್. ಟಕ್.

"ಹಿನೆಏಏಕ್!"

ಟಕ್. ಟಕ್.

"ಅಯ್ಯೋ ಹುಡುಗೀ!" ಎಂದಳು ಅತ್ತೆ. "ಅಲ್ಲಿಂದ ಕೂಗಿದ್ರೆ ದೇವರಿಗೆ ಕೇಳಿಸ್ಬೇಕು ಅಷ್ಟೇ. ಬಲಗಡೆಗೆ ಹೋಗೇ!"

ಬಲಗಡೆಗೆ ದಾರಿಯಿರಲಿಲ್ಲ. ಸೌದೆ ರಾಶಿ, ಕೆಸರು, ಆಮೇಲೆ ಎಳೆ ತುರಿಕೆಗಿಡ. ಬ್ಲಾಂಕಾ ಸೌದೆ ಹತ್ತಿ, ಕೆಸರಿಗೆ ಧುಮುಕಿ, ತುರಿಕೆಗಿಡದ ನಡುವೆ ನಿಂತು ಎದೆ ತುಂಬ ಉಸಿರೆಳೆದುಕೊಂಡಳು.

"ಏಯ್ ಹಿನೆಕ್! ನಾನು ಶನಿವಾರ ಏನು ಹೇಳ್ದೆ ಗೊತ್ತಾ?"

ಸುತ್ತಿಗೆ ನಿಂತಿತು. ಅವನು ತಿರುಗಿ ನೋಡಿದ. ನಂಬಲಾಗದವನಂತೆ ಕಣ್ಣು ಕಿರಿದು ಮಾಡಿದ.

"ಏನಾದ್ರೂ ಮರೆತು ಹೋದ್ರಾ?"

"ರಾ ಅಂತೆ ರಾ! 'ನೀನು' ಅನ್ನೋ! ಹೌದು ಮರೆತೆ!"

"ಸೂಟ್‌ಕೇಸಾ?"

"ಸೂಟ್‌ಕೇಸ್ ಅಲ್ಲ ಕಣೋ! ನಿನ್ನನ್ನ!"

ಹಬ್ಬದ ಗುಂಪು ನಿಂತಿತು. ನಾವೆಲ್ಲ ಕಿಟಕಿ ತೆರೆದೆವು. ಸುಳ್ಳು ಯಾಕೆ, ನಾನೂ ತೆರೆದೆ.

"ಸೋಮವಾರ ಹೋಗಬೇಡ ಅಂತ ನೀನೊಂದು ಮಾತು ಹೇಳಿದ್ರೆ ನಾನು ಹೋಗೋದಿಲ್ಲ ಅಂದಿದ್ದೆ! ಅದಕ್ಕೆ ನೀನು ಸೌದೆ ಹಸಿ ಇದೆ ಅಂದೆ! ಹಸಿ ಇದೆ ಅಂತೆ! ಎರಡು ದಿನ ಸತ್ತು ಬದುಕಿದೀನಿ ನಾನು!"

ಹಿನೆಕ್‌ನ ಕೈಯಿಂದ ಸುತ್ತಿಗೆ ಜಾರಿತು. ಏಣಿಯನ್ನು ಇಳಿದನೋ ಜಾರಿದನೋ ಗೊತ್ತಾಗಲಿಲ್ಲ. ತುರಿಕೆಗಿಡದ ನಡುವೆ ಅವಳೆದುರು ಬಂದು ನಿಂತ. ಮುಖ ಬಿಳಿಚಿತ್ತು.

"ನಂಗೆ... 'ಸೋಮವಾರ ಹೋಗ' ಅಂತ ಅಷ್ಟೇ ಕೇಳಿಸ್ತು ಬ್ಲಾಂಕಾ. ನೀನು ಹೋಗ್ತೀನಿ ಅಂದೆ ಅಂದ್ಕೊಂಡೆ. ಹೋಗ್ತೀನಿ ಅನ್ನೋಳನ್ನ ಹಿಡ್ಕೊಳ್ಳೋಕೆ ನಾನ್ಯಾರು?"

"ಕಿವಿ ಕೇಳ್ಸಲ್ಲ ಅಂತ ಯಾಕೋ ಹೇಳ್ಲಿಲ್ಲ ನಂಗೆ?"

ಅವನು ಏಪ್ರನ್ನಿನ ಜೇಬಿನಿಂದ ಒಂದು ಮೊಳೆ ತೆಗೆದು ಬೆರಳಲ್ಲಿ ತಿರುಗಿಸಿದ.

"ಗೊತ್ತಾದ ತಕ್ಷಣ ಎಲ್ರೂ ನನ್ನ ಹತ್ರ ಜೋರಾಗಿ, ನಿಧಾನವಾಗಿ ಮಾತಾಡ್ತಾರೆ. ಮಗು ಹತ್ರ ಮಾತಾಡೋ ಹಾಗೆ. ಹಿಂದೆ ಒಬ್ಬಳು ಎಲ್ಲಾ ಎರಡೆರಡು ಸಲ ಹೇಳಿ ಸಾಕಾಯ್ತು ಅಂತ ಬಿಟ್ಟು ಹೋದ್ಲು. ನೀನು ಬಂದ ದಿನದಿಂದ ನನ್ನ ಜೊತೆ ಬರೀ ಜಗಳ ಆಡಿದೆ. ಎಲ್ರ ಜೊತೆ ಆಡೋ ಹಾಗೆ. ಅದು ನಿಂತುಹೋಗೋದು ಬೇಡ ಅನ್ನಿಸ್ತು..."

"ದಡ್ಡ," ಎಂದಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. "ನಾನು ಹತ್ತು ಸಲ ಬೇಕಾದ್ರೂ ಹೇಳ್ತೀನಿ. ಆದ್ರೆ ನೀನು ಒಂದ್ಸಲ ಆದ್ರೂ ಉತ್ತರ ಕೊಡ್ಬೇಕು. ಈಗ ಕೊಡು."

ಹಿನೆಕ್ ಅವಳ ತಣ್ಣಗಿನ ಎರಡೂ ಕೈಗಳನ್ನು ಹಿಡಿದುಕೊಂಡ.

"ಹೋಗಬೇಡ ಬ್ಲಾಂಕಾ."

ಅವಳು ಅವನ ಎದೆಗೆ ಹಣೆ ಒತ್ತಿದಳು. ಬೊಹುಂಕಾ ಅತ್ತೆ ರುಮಾಲಿನ ತುದಿಗೆ ಮೂಗು ಸೀಟಿದಳು. ಹಬ್ಬದ ಗುಂಪಿನವನೊಬ್ಬ ಚಪ್ಪಾಳೆ ತಟ್ಟಿದ.

ಆಮೇಲೆ ಬ್ಲಾಂಕಾ ತಲೆ ಎತ್ತಿ, ಕೆನ್ನೆ ಒರೆಸಿಕೊಂಡು, ಸಂಕಟದ ದನಿಯಲ್ಲಿ ಹೇಳಿದಳು:

"ಆದ್ರೆ... ಹೋಗ್ಲೇಬೇಕು."

"ಏನು?!"

"ನಾಳೆ ಬೆಳಗಿನ ಪಾಳಿ ನಂದು. ನಾನು ಹೋಗ್ದಿದ್ರೆ ಟ್ರಾಮ್ ಹೊರಡಲ್ಲ. ಶನಿವಾರನೇ ನೀನು ಹೇಳಿದ್ದಿದ್ರೆ ರಜೆ ಕೇಳ್ತಿದ್ದೆ. ಈಗ ಹಬ್ಬದ ದಿನ ಯಾರು ಸಿಗ್ತಾರೆ?"

ಹಿನೆಕ್ ಆಕಾಶ ನೋಡಿದ. "ಎಂಥಾ ಹಣೆಬರಹ ನಂದು! ಧೈರ್ಯ ಮಾಡಿ ಬಾಯಿ ಬಿಟ್ರೆ ಟ್ರಾಮ್ ಅಡ್ಡ ಬರುತ್ತೆ!"

"ನನ್ನ ಮೇಲೆ ಯಾಕೆ ರೇಗ್ತೀಯಾ? ಎರಡು ದಿನ ಹಾಳು ಮಾಡಿದ್ದು ಯಾರು?"

"ಮೆಲ್ಲಗೆ ಪಿಸುಗುಟ್ಟಿದ್ದು ಯಾರು?"

"ನಿಲ್ಸ್ರೋ!" ಎಂದು ಅತ್ತೆ ಗದರಿದಳು. "ಮಧ್ಯಾಹ್ನದ ಬಸ್ಸು ಬರೋಕೆ ಅರ್ಧ ಗಂಟೆ ಇದೆ. ಜಗಳನ ದಾರೀಲಿ ಆಡ್ಕೊಳ್ಳಿ. ಏ ಹಿನೆಕ್, ನಿಲ್ದಾಣಕ್ಕೆ ಕರ್ಕೊಂಡು ಹೋಗು ಅವಳನ್ನ."

ನಿಲ್ದಾಣದಲ್ಲಿ ಹಬ್ಬದ ಖಾಲಿ ಬಸ್ಸು ಬಂದು ನಿಂತಿತು. ಬ್ಲಾಂಕಾ ಹತ್ತಿದಳು. ಬಾಗಿಲ ಬಳಿ ನಿಂತು ತಿರುಗಿ ನೋಡಿದಳು. ಹಿನೆಕ್ ಕೆಳಗೆ ನಿಂತಿದ್ದ, ಏಪ್ರನ್ನಿನ ಜೇಬು ತುಂಬ ಮೊಳೆ, ಮಂಡಿಯವರೆಗೆ ಕೆಸರು.

"ಹತ್ತೋದಾದ್ರೆ ಹತ್ತಪ್ಪಾ," ಎಂದ ಚಾಲಕ. "ಶೀತ ಒಳಗೆ ಬರ್ತಿದೆ."

ಹಿನೆಕ್ ಒಮ್ಮೆ ಕೆಳಗಿನ ಬೀದಿಯತ್ತ ನೋಡಿದ. ಮತ್ತೆ ಅವಳತ್ತ ನೋಡಿದ. ಹತ್ತಿಬಿಟ್ಟ.

"ಏನು ಮಾಡ್ತಿದೀಯೋ?" ಎಂದಳು ಬ್ಲಾಂಕಾ. "ಬಟ್ಟೆ ಇಲ್ಲ, ಚೀಲ ಇಲ್ಲ..."

"ನಿನ್ನ ಹತ್ರಾನೂ ಇಲ್ವಲ್ಲ."

ಬಸ್ಸು ಹೊರಟಿತು. ಹಿನೆಕ್ ಕಿಟಕಿಯ ಪಕ್ಕ ಕೂತ. ಅವಳು ಅವನ ಬಲಕ್ಕೆ ಕೂತಳು. ಬಸ್ಸು ಗುಡ್ಡ ಇಳಿದು ಕೆರೆ ದಾಟಿತು. ಇಬ್ಬರೂ ಹಿಡಿದ ಕೈ ಬಿಡಲಿಲ್ಲ.

"ನಮ್ಮೂರು ಚೆನ್ನಾಗಿಲ್ಲ ಹಿನೆಕ್," ಎಂದಳು ಕೊನೆಗೆ, ಭಯದಿಂದ. "ಎಲ್ಲಾ ಕಾಂಕ್ರೀಟು. ಒಂದೇ ಒಂದು ಮರದ ಛಾವಣಿ ಸಿಗಲ್ಲ ನಿಂಗೆ. ಹೊಗೆ, ಗಲಾಟೆ..."

"ನೀನಿದೀಯಲ್ಲ."

"ನಾನೂ ಗಲಾಟೆನೇ."

"ಅದಕ್ಕೇ ಬರ್ತಿರೋದು," ಎಂದ ಹಿನೆಕ್.